ಆಡಿಟರ್ ಎಡವಿದರೆ ಹಿಡಿಯುವವರು ಯಾರು? ನಮ್ಮಲ್ಲಿ ಹೇಗೆ, ಹೊರದೇಶಗಳಲ್ಲಿ ಹೇಗೆ

ಜಮಾಖರ್ಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಕೊನೆಯ ವರ್ಷದ ಆಡಿಟಿಂಗ್ ವಿಷಯಕ್ಕೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಸಿಎಗಳ ಶಿಸ್ತು ನೋಡಿಕೊಳ್ಳುವುದು ಅವರ ವೃತ್ತಿ ಸಂಸ್ಥೆ ಐಸಿಎಐ, ದೊಡ್ಡ ಕಂಪನಿಗಳ ಆಡಿಟ್ ನೋಡುವುದು ಎನ್‌ಎಫ್‌ಆರ್‌ಎ (ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ) ಎಂದು ಎರಡೇ ಸಾಲಿನಲ್ಲಿ ಪಠ್ಯ ಮುಗಿಸಿಬಿಡುತ್ತದೆ. ಅದರೊಳಗಿನ ವಿವರ ಬೇಕಾಗಿದೆ.

ಒಬ್ಬ ಆಡಿಟರ್, ಒಂದು ಸಹಿ. ಆ ಸಹಿಯ ಮೇಲೆ ಐಸಿಎಐ, ಎನ್‌ಎಫ್‌ಆರ್‌ಎ, ಷೇರುಪೇಟೆಯ ನಿಯಂತ್ರಕ ಸೆಬಿ, ಬ್ಯಾಂಕುಗಳ ನಿಯಂತ್ರಕ ಆರ್‌ಬಿಐ ನಾಲ್ವರಿಗೂ ಒಂದಲ್ಲ ಒಂದು ಅಧಿಕಾರವಿದೆ. ಯಾರ ಕೈ ಮೇಲೆ? ಎರಡನೆಯದು, ನಿಯಂತ್ರಕರು ತಪಾಸಣೆಗೆ ಬಂದಾಗ ಏನನ್ನು ನೋಡುತ್ತಾರೆ? ಕಂಪನಿಯ ಲೆಕ್ಕವನ್ನೇ ಇನ್ನೊಮ್ಮೆ ಆಡಿಟ್ ಮಾಡುತ್ತಾರೆಯೇ? ಮೂರನೆಯದು, ಅಮೆರಿಕ, ಬ್ರಿಟನ್, ಜರ್ಮನಿಯ ಪದ್ಧತಿ ನಮ್ಮದಕ್ಕಿಂತ ಎಲ್ಲಿ ಬೇರೆ? ಕೊನೆಗೆ, ನಮ್ಮ ಊರುಗಳ ಪತ್ತಿನ ಸಹಕಾರ ಸಂಘಗಳ ಆಡಿಟರ್ ಇವರ್ಯಾರ ಕೈಗೂ ಸಿಗುವುದಿಲ್ಲವೇ? ಸೆಕ್ಷನ್, ದಿನಗಳ ಲೆಕ್ಕ, ಮೊತ್ತ ಸಮೇತ ಹೇಳಿದರೆ ಉಪಕಾರವಾಗುತ್ತದೆ.


ಷರಾ

ಮೊದಲು ನಮ್ಮ ದೇಶದ್ದನ್ನು ಹೇಳುತ್ತೇನೆ, ಸರ್.

ಯಾರ ಕೈ ಮೇಲೆ ಎಂಬುದಕ್ಕೆ ಉತ್ತರ 2013ರ ಕಂಪನಿ ಕಾಯ್ದೆಯ 132ನೇ ಸೆಕ್ಷನ್‌ನಲ್ಲೇ ಇದೆ. ಒಂದು ವಿಷಯದಲ್ಲಿ ಎನ್‌ಎಫ್‌ಆರ್‌ಎ ತನಿಖೆ ಆರಂಭಿಸಿತೆಂದರೆ ಅದೇ ವಿಷಯದ ದುರ್ನಡತೆಯ ಬಗ್ಗೆ ಬೇರೆ ಸಂಸ್ಥೆ ವಿಚಾರಣೆ ಶುರು ಮಾಡುವಂತಿಲ್ಲ. ಆಗಲೇ ಶುರುವಾಗಿದ್ದರೆ ಮುಂದುವರಿಸುವಂತೆಯೂ ಇಲ್ಲ. ಅಲ್ಲಿಗೆ ಐಸಿಎಐ ಪಕ್ಕಕ್ಕೆ ಸರಿಯಬೇಕು. ಕಾಯ್ದೆ 2013ರದ್ದಾದರೂ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದದ್ದು 2018ರ ಅಕ್ಟೋಬರ್ 1ರಂದು. ಐದು ವರ್ಷ ಆ ಸೆಕ್ಷನ್ ಕಾಗದದ ಮೇಲೇ ಇತ್ತು. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣ ಹೊರಬಿದ್ದ ಮೇಲೆ, ಮಾರ್ಚ್ 1ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈ ಕಾಲಕ್ರಮವನ್ನು ಟಿಪ್ಪಣಿಯಲ್ಲಿ ತಪ್ಪದೇ ಹಾಕಿ. ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಆಡಿಟ್ ಕಾನೂನು ಬಿಗಿಯಾದದ್ದು ಹೀಗೆ, ಒಂದು ಹಗರಣದ ಬೆನ್ನಿಗೇ.

ವ್ಯಾಪ್ತಿಯ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಎನ್‌ಎಫ್‌ಆರ್‌ಎ ಲಿಸ್ಟೆಡ್ (ಷೇರುಪೇಟೆಯಲ್ಲಿ ನೋಂದಾಯಿತ) ಕಂಪನಿಗಳಿಗೆ ಮಾತ್ರ ಎಂದು ಬರೆಯಬೇಡಿ. 2018ರ ನವೆಂಬರ್ 13ರ ನಿಯಮಗಳ 3ನೇ ನಿಯಮದಂತೆ, ಭಾರತದಲ್ಲಾಗಲಿ ಹೊರಗಾಗಲಿ ಲಿಸ್ಟ್ ಆದ ಕಂಪನಿಗಳ ಜೊತೆಗೆ, ಲಿಸ್ಟ್ ಆಗದ ಪಬ್ಲಿಕ್ ಕಂಪನಿಗಳೂ ಬರುತ್ತವೆ. ಹಿಂದಿನ ಮಾರ್ಚ್ 31ಕ್ಕೆ ಪಾವತಿಯಾದ ಬಂಡವಾಳ 500 ಕೋಟಿ, ವಹಿವಾಟು 1,000 ಕೋಟಿ, ಅಥವಾ ಸಾಲ, ಡಿಬೆಂಚರ್, ಠೇವಣಿ ಸೇರಿ 500 ಕೋಟಿ – ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ್ದರೆ ಸಾಕು. ಬ್ಯಾಂಕಿಂಗ್, ವಿಮಾ, ವಿದ್ಯುತ್ ಕಂಪನಿಗಳು ಸೇರಿವೆ. ಈ ಮಿತಿಯಿಂದ ಕೆಳಗಿಳಿದ ಮೇಲೂ ಮೂರು ವರ್ಷ ವ್ಯಾಪ್ತಿಯಲ್ಲೇ ಇರುತ್ತವೆ. ಡಿಲಿಸ್ಟ್ ಮಾಡಿಸಿಕೊಂಡು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇಂಥ ಕಂಪನಿಗಳ ಆಡಿಟರ್ ಪ್ರತಿವರ್ಷ ನವೆಂಬರ್ 30ರೊಳಗೆ ಎನ್‌ಎಫ್‌ಆರ್‌ಎ-2 ನಮೂನೆಯಲ್ಲಿ ವಾರ್ಷಿಕ ವಿವರ ಸಲ್ಲಿಸಬೇಕು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಕಾಫಿ ಡೇ ಪ್ರಕರಣ ತೆಗೆದುಕೊಳ್ಳಿ. ಏಳು ಉಪಕಂಪನಿಗಳಿಂದ ಪ್ರವರ್ತಕರಿಗೆ ಸೇರಿದ ಎಸ್ಟೇಟ್ ಕಂಪನಿಗೆ 3,535 ಕೋಟಿ ರೂಪಾಯಿ ಹೋಗಿತ್ತು ಎಂದು ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ, ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ದಂಡ ಹಾಕಿತು. ಅದು ಕಂಪನಿಯ ಮೇಲಿನ ಕ್ರಮ. ಅದೇ ಏಪ್ರಿಲ್‌ನಲ್ಲಿ ಎನ್‌ಎಫ್‌ಆರ್‌ಎ ಉಪಕಂಪನಿ ಕಾಫಿ ಡೇ ಗ್ಲೋಬಲ್‌ನ 2018-19ರ ಆಡಿಟರ್‌ಗಳ ಮೇಲೆ ಕ್ರಮ ಕೈಗೊಂಡು, ಆಡಿಟ್ ಸಂಸ್ಥೆಗೆ 1 ಕೋಟಿ ದಂಡ ವಿಧಿಸಿತು. ಕಾಫಿ ಡೇ ಗ್ಲೋಬಲ್ ಲಿಸ್ಟ್ ಆದ ಕಂಪನಿಯಲ್ಲ ಎಂಬುದನ್ನು ಗಮನಿಸಿ. ಒಂದೇ ಘಟನೆ, ಕಂಪನಿಗೆ ಒಬ್ಬ ನಿಯಂತ್ರಕ, ಆಡಿಟರ್‌ಗೆ ಇನ್ನೊಬ್ಬ.

ಶಿಕ್ಷೆಯ ಮೊತ್ತ: ವ್ಯಕ್ತಿಗೆ ಕನಿಷ್ಠ 1 ಲಕ್ಷ, ಗರಿಷ್ಠ ಪಡೆದ ಶುಲ್ಕದ ಐದು ಪಟ್ಟು. ಸಂಸ್ಥೆಗೆ ಕನಿಷ್ಠ 5 ಲಕ್ಷ, ಗರಿಷ್ಠ ಶುಲ್ಕದ ಹತ್ತು ಪಟ್ಟು. ಶುಲ್ಕ 40 ಲಕ್ಷ ಇದ್ದರೆ ಸಂಸ್ಥೆಗೆ 4 ಕೋಟಿವರೆಗೆ ಹಾಕಬಹುದು. ಇದರ ಮೇಲೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಆಡಿಟ್ ಕೆಲಸದಿಂದಲೇ ನಿಷೇಧ. ಆಡಿಟ್ ಸಂಸ್ಥೆಗೆ ನೋವಾಗುವುದು ಈ ನಿಷೇಧದಿಂದ. ದಂಡ ಕಟ್ಟಿ ಮುಂದೆ ಹೋಗಬಹುದು, ನಿಷೇಧವಾದರೆ ಕಕ್ಷಿದಾರರೇ ಉಳಿಯುವುದಿಲ್ಲ. ಮೇಲ್ಮನವಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಎನ್‌ಸಿಎಲ್‌ಎಟಿಗೆ.

ಸೆಬಿಗೆ ಆಡಿಟರ್ ಮೇಲೆ ನೇರ ಹಿಡಿತ ಕಡಿಮೆ. ಸತ್ಯಂ ಎಂಬ ಐಟಿ ಕಂಪನಿಯ ಸುಳ್ಳು ಲೆಕ್ಕದ ಪ್ರಕರಣದಲ್ಲಿ ಅದರ ಆಡಿಟರ್ ಪ್ರೈಸ್ ವಾಟರ್‌ಹೌಸ್‌ಗೆ 2018ರ ಜನವರಿಯಲ್ಲಿ ಸೆಬಿ ಎರಡು ವರ್ಷದ ನಿಷೇಧ ಹಾಕಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಸೆಬಿ ಆದೇಶಗಳ ಮೇಲ್ಮನವಿ ನ್ಯಾಯಮಂಡಳಿ ಎಸ್‌ಎಟಿ ಅದನ್ನು ತಳ್ಳಿಹಾಕಿತು. ವೃತ್ತಿಯ ಲೋಪವನ್ನು ವಿಚಾರಿಸುವುದು ಸೆಬಿಯ ಕೆಲಸವಲ್ಲ, ವಂಚನೆಯಲ್ಲಿ ಆಡಿಟರ್ ಶಾಮೀಲಾಗಿದ್ದರೆ ಮಾತ್ರ ಅದಕ್ಕೆ ಅಧಿಕಾರ ಎಂಬುದು ಅಲ್ಲಿನ ತರ್ಕ. ಹಗರಣ 2009ರದ್ದು, ನಿಷೇಧ 2018ರದ್ದು, ರದ್ದಾದದ್ದು 2019ರಲ್ಲಿ. ಹೂಡಿಕೆದಾರನ ಮಟ್ಟಿಗೆ ಇದು ತೀರಾ ತಡ.


ತಾಳೆಪಟ್ಟಿ

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇಲ್ಲ, ತಪಾಸಕರು ಕಂಪನಿಯ ಲೆಕ್ಕವನ್ನು ಮತ್ತೆ ಆಡಿಟ್ ಮಾಡುವುದಿಲ್ಲ. ಅವರು ಓದುವುದು ಆಡಿಟರ್‌ನ ಕಡತವನ್ನು. ಆಡಿಟಿಂಗ್ ಮಾನದಂಡ ಎಸ್‌ಎ 230 ಹೇಳುವುದಿಷ್ಟೆ: ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಅನುಭವಿ ಆಡಿಟರ್ ಒಬ್ಬ ಕಡತ ತೆರೆದರೆ, ಏನು ಮಾಡಿದರು, ಏನು ಸಿಕ್ಕಿತು, ಯಾವ ತೀರ್ಮಾನಕ್ಕೆ ಬಂದರು ಎಂಬುದು ಅವನಿಗೆ ಗೊತ್ತಾಗಬೇಕು. "ಮಾಡಿದ್ದೇವೆ, ಬರೆದಿಟ್ಟಿಲ್ಲ" ಎಂಬ ಸಮಜಾಯಿಷಿ ತಪಾಸಣೆಯಲ್ಲಿ ನಡೆಯುವುದಿಲ್ಲ. ವರದಿಗೆ ಸಹಿ ಬಿದ್ದ 60 ದಿನದೊಳಗೆ ಕಡತ ಕಟ್ಟಿ ಮುಚ್ಚಬೇಕು, ಆಮೇಲೆ ಕನಿಷ್ಠ ಏಳು ವರ್ಷ ಕಾಪಾಡಬೇಕು. ಆ 60 ದಿನ ಸಿಗುವುದು ಕಾಗದ ಜೋಡಿಸಲು ಮಾತ್ರ, ಬಿಟ್ಟುಹೋದ ಪರೀಕ್ಷೆ ಮಾಡಲು ಅಲ್ಲ. ಸಹಿಯ ದಿನಾಂಕದ ನಂತರ ಹುಟ್ಟಿದ ಎಕ್ಸೆಲ್ ಶೀಟೊಂದು ಕಡತದಲ್ಲಿ ಕಂಡರೆ ಅದರ ಮೆಟಾಡೇಟಾ ಎಲ್ಲವನ್ನೂ ಹೇಳಿಬಿಡುತ್ತದೆ.

ವಿದ್ಯಾರ್ಥಿಗಳಿಗೆ ಒಂದೇ ಒಂದು ಕಾಗದವನ್ನು ಹತ್ತಿರದಿಂದ ತೋರಿಸಿ ಎಂದು ನನ್ನ ಸಲಹೆ: ಬ್ಯಾಂಕಿನ ಬಾಕಿ ದೃಢೀಕರಣ ಪತ್ರ. ಮೂರು ದೇಶಗಳ ಮೂರು ದೊಡ್ಡ ಹಗರಣಗಳಲ್ಲಿ ಇದೇ ಕಾಗದ ಕೈಕೊಟ್ಟಿದೆ.

ಪದ್ಧತಿ ಸರಳ. ಮಾರ್ಚ್ 31ಕ್ಕೆ ನಿಮ್ಮಲ್ಲಿ ಈ ಕಂಪನಿಯ ಎಷ್ಟು ಹಣವಿದೆ, ಎಷ್ಟು ಎಫ್‌ಡಿ ಇದೆ, ಯಾವುದು ಅಡವಿದೆ ಎಂದು ಬ್ಯಾಂಕಿಗೆ ಬರೆದು ಕೇಳಬೇಕು. ಪತ್ರಕ್ಕೆ ಕಂಪನಿಯ ಅಧಿಕಾರಿ ಸಹಿ ಹಾಕುತ್ತಾರೆ, ಯಾಕೆಂದರೆ ಗ್ರಾಹಕರ ಒಪ್ಪಿಗೆ ಇಲ್ಲದೆ ಬ್ಯಾಂಕ್ ಮಾಹಿತಿ ಕೊಡುವುದಿಲ್ಲ. ಅಲ್ಲಿಗೆ ಕಂಪನಿಯ ಪಾತ್ರ ಮುಗಿಯಿತು. ಯಾರಿಗೆ ಬರೆಯಬೇಕೆಂದು ಆರಿಸುವುದು, ವಿಳಾಸ ಸರಿಯಿದೆಯೇ ಎಂದು ಬೇರೆ ಮೂಲದಿಂದ ತಾಳೆ ನೋಡುವುದು, ಅಂಚೆಗೆ ಹಾಕುವುದು, ಉತ್ತರ ತನ್ನ ಕಚೇರಿಗೇ ನೇರವಾಗಿ ಬರುವಂತೆ ನೋಡಿಕೊಳ್ಳುವುದು – ಇಷ್ಟೂ ಆಡಿಟರ್‌ನ ಕೈಯಲ್ಲೇ ಇರಬೇಕು. ಎಸ್‌ಎ 505 ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ವಾಡಿಕೆಯಲ್ಲಿ ಆಗುವುದೇನೆಂದರೆ, ಮೇ ತಿಂಗಳ ಗಡಿಬಿಡಿಯಲ್ಲಿ ಆರ್ಟಿಕಲ್ಡ್ ಹುಡುಗ (ತರಬೇತಿಯಲ್ಲಿರುವ ಸಿಎ ವಿದ್ಯಾರ್ಥಿ) ಪತ್ರಗಳ ಕಟ್ಟನ್ನು ಕಂಪನಿಯ ಅಕೌಂಟ್ಸ್ ವಿಭಾಗಕ್ಕೇ ಕೊಟ್ಟು ಬರುತ್ತಾನೆ. ಉತ್ತರಗಳೂ ಅಲ್ಲಿಂದಲೇ ಒಂದು ಫೋಲ್ಡರ್‌ನಲ್ಲಿ ಬರುತ್ತವೆ. ನೋಡಲು ಎಲ್ಲ ಸರಿಯಿದೆ, ಲೆಟರ್‌ಹೆಡ್ ಇದೆ, ಸೀಲ್ ಇದೆ. ಆದರೆ ಸಾಕ್ಷಿಯ ಬೆಲೆ ಸೊನ್ನೆ.

ಸತ್ಯಂನಲ್ಲಿ ಆದದ್ದು ಇದು. 2009ರ ಜನವರಿ 7ರ ತಪ್ಪೊಪ್ಪಿಗೆ ಪತ್ರದಂತೆ, 2008ರ ಸೆಪ್ಟೆಂಬರ್ 30ಕ್ಕೆ ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಎಫ್‌ಡಿಗೆ 376 ಕೋಟಿ ಬಡ್ಡಿ ಬರಬೇಕಿದೆ ಎಂದೂ ತೋರಿಸಿದ್ದರು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 60 ಲಕ್ಷ ಡಾಲರ್, ಅಲ್ಲಿನ ಆಡಿಟರ್‌ಗಳ ನಿಯಂತ್ರಕ ಪಿಸಿಎಒಬಿ 15 ಲಕ್ಷ ಡಾಲರ್ ದಂಡವನ್ನು ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳಿಗೆ ಹಾಕಿದಾಗ ಕೊಟ್ಟ ಮುಖ್ಯ ಕಾರಣ, ದೃಢೀಕರಣ ಪತ್ರ ಕಳುಹಿಸುವುದನ್ನೂ ಪಡೆಯುವುದನ್ನೂ ಕಂಪನಿಯ ಕೈಗೇ ಬಿಟ್ಟುಕೊಟ್ಟಿದ್ದು.

ಇದಕ್ಕೂ ಮೊದಲು ಇಟಲಿಯ ಹಾಲಿನ ಕಂಪನಿ ಪಾರ್ಮಲಾಟ್, 2003ರ ಡಿಸೆಂಬರ್. ಕೇಮನ್ ದ್ವೀಪದ ಬಾನ್‌ಲಾಟ್ ಎಂಬ ಉಪಕಂಪನಿಯ ಹೆಸರಿನಲ್ಲಿ 395 ಕೋಟಿ ಯೂರೋ ಇದೆ ಎಂದು ಬ್ಯಾಂಕ್ ಆಫ್ ಅಮೆರಿಕದ ಪತ್ರ ಕಡತದಲ್ಲಿತ್ತು. ಆ ಖಾತೆಯೇ ಇಲ್ಲ, ಪತ್ರ ನಕಲಿ ಎಂದು ಬ್ಯಾಂಕ್ ಹೇಳಿತು. ಲೋಗೋ ಸ್ಕ್ಯಾನ್ ಮಾಡಿ ಪತ್ರ ತಯಾರಿಸಿ, ಅಸಲಿಯಂತೆ ಕಾಣಲೆಂದು ಫ್ಯಾಕ್ಸ್ ಯಂತ್ರದಲ್ಲಿ ಹಾಯಿಸಿದ್ದರು. ಇನ್ನು ಜರ್ಮನಿಯ ಹಣ ಪಾವತಿ ಕಂಪನಿ ವೈರ್‌ಕಾರ್ಡ್, 2020ರ ಜೂನ್. ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿ ಟ್ರಸ್ಟಿ ಖಾತೆಯಲ್ಲಿದೆ ಎಂದ 190 ಕೋಟಿ ಯೂರೋ ಇರಲಿಲ್ಲ. ಜೂನ್ 18ಕ್ಕೆ ಆಡಿಟರ್ ಸಹಿ ಹಾಕಲಿಲ್ಲ, 25ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೂ ಹಿಂದಿನ ವರ್ಷಗಳ ಆಡಿಟ್ ಬಗ್ಗೆ ಬಂದ ದೊಡ್ಡ ಆಕ್ಷೇಪ, ಬ್ಯಾಂಕನ್ನು ನೇರವಾಗಿ ಕೇಳದೆ ಟ್ರಸ್ಟಿಯ ಮಾತಿನ ಮೇಲೆ ನಿಂತದ್ದು.

ಹಾಗಾಗಿ ತಪಾಸಕ ಕಡತದಲ್ಲಿ ಈ ಪತ್ರವನ್ನು ಹೇಗೆ ಓದುತ್ತಾನೆ ನೋಡಿ. ಮೊತ್ತ ಸರಿಯಿದೆಯೇ ಎಂಬುದು ಕೊನೆಗೆ. ಮೊದಲು ಕಳುಹಿಸಿದ ದಿನಾಂಕ, ಕಳುಹಿಸಿದವರ ಹೆಸರು, ಉತ್ತರ ಬಂದ ಲಕೋಟೆ ಅಥವಾ ಇಮೇಲ್‌ನ ಡೊಮೈನ್. ಎಷ್ಟು ಪತ್ರ ಹೋಯಿತು, ಎಷ್ಟಕ್ಕೆ ಉತ್ತರ ಬಂತು ಎಂಬ ಪಟ್ಟಿ. ಉತ್ತರ ಬಾರದವಕ್ಕೆ ಬದಲಿಯಾಗಿ ಏನು ಪರೀಕ್ಷೆ ಮಾಡಿದರು? ವ್ಯತ್ಯಾಸ ಕಂಡಲ್ಲಿ ಯಾರು ವಿವರಣೆ ಕೊಟ್ಟರು, ಆ ವಿವರಣೆಯನ್ನು ಯಾರು ಪರೀಕ್ಷಿಸಿದರು? ಎಫ್‌ಡಿ ವಿಷಯದಲ್ಲಿ ಇನ್ನೊಂದು ಕೈಗೆಟಕುವ ತಾಳೆ ಇದೆ: ಬಡ್ಡಿ ಬಂದಿದ್ದರೆ ಬ್ಯಾಂಕ್ ಟಿಡಿಎಸ್ ಕಡಿದಿರಬೇಕು, ಅದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾಣಬೇಕು. ಸಾವಿರಾರು ಕೋಟಿಯ ಎಫ್‌ಡಿಗೆ ಟಿಡಿಎಸ್ಸೇ ಇಲ್ಲವೆಂದರೆ ಅಲ್ಲೇ ಪೆನ್ನು ಕೆಳಗಿಡಬೇಕು.


ಜಮಾಖರ್ಚು

ಇಬ್ಬರಿಗೂ ಧನ್ಯವಾದ. ಪಾರ್ಮಲಾಟ್ ವಿಷಯ ಬಂದದ್ದರಿಂದ ಒಂದು ಉಪಪ್ರಶ್ನೆ. ಇಟಲಿಯಲ್ಲಿ ಆಗಲೇ ಕಡ್ಡಾಯ ಆಡಿಟರ್ ಬದಲಾವಣೆ ಇತ್ತಲ್ಲವೇ? ಬದಲಾವಣೆಯೇ ಮದ್ದು ಎಂದು ನಮ್ಮ ಪಠ್ಯ ಹೇಳುತ್ತದೆ. ಹಾಗಿದ್ದರೆ ಅಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ?


ತಾಳೆಪಟ್ಟಿ

ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ಇಟಲಿಯಲ್ಲಿ ಒಂಬತ್ತು ವರ್ಷದ ಮಿತಿ ಇತ್ತು. ಅದರಂತೆ 1999ರಲ್ಲಿ ಗ್ರ್ಯಾಂಟ್ ಥಾರ್ನ್‌ಟನ್ ಹೋಗಿ ಡೆಲಾಯ್ಟ್ ಬಂತು. ಆದರೆ ಬದಲಾದದ್ದು ಗುಂಪಿನ ಮುಖ್ಯ ಆಡಿಟರ್ ಮಾತ್ರ. ಬಾನ್‌ಲಾಟ್ ಸೇರಿದಂತೆ ಕೆಲವು ಉಪಕಂಪನಿಗಳು ಗ್ರ್ಯಾಂಟ್ ಥಾರ್ನ್‌ಟನ್ ಬಳಿಯೇ ಉಳಿದವು. ಕೊಳೆತದ್ದು ಆ ಉಪಕಂಪನಿಯಲ್ಲೇ. ಹೊಸ ಮುಖ್ಯ ಆಡಿಟರ್ ಹಳಬರ ವರದಿಯನ್ನು ನಂಬಿ ಇಡೀ ಗುಂಪಿನ ಕ್ರೋಡೀಕೃತ ಲೆಕ್ಕಕ್ಕೆ ಸಹಿ ಹಾಕಿದರು.

ನಮ್ಮಲ್ಲಿ ಗುಂಪು ಕಂಪನಿಗಳ ಆಡಿಟ್ ಮಾನದಂಡ ಎಸ್‌ಎ 600 ಕುರಿತು ನಡೆದ ಜಗ್ಗಾಟದ ತಿರುಳೂ ಇದೇ. ಹಳೆಯ ಎಸ್‌ಎ 600ರ ಪ್ರಕಾರ ಮುಖ್ಯ ಆಡಿಟರ್, ಉಪಕಂಪನಿಯ ಆಡಿಟರ್ ಮಾಡಿದ ಕೆಲಸವನ್ನು ನಂಬಿ, ಆ ಭಾಗದ ಹೊಣೆ ಅವರದು ಎಂದು ವರದಿಯಲ್ಲಿ ಬರೆದು ಕೈತೊಳೆದುಕೊಳ್ಳಬಹುದು. ಅಂತರರಾಷ್ಟ್ರೀಯ ಮಾನದಂಡದಲ್ಲಿ ಗುಂಪಿನ ಆಡಿಟರ್‌ಗೇ ಪೂರ್ಣ ಹೊಣೆ. 2024ರ ನವೆಂಬರ್‌ನಲ್ಲಿ ಎನ್‌ಎಫ್‌ಆರ್‌ಎ ಪರಿಷ್ಕೃತ ಎಸ್‌ಎ 600 ಅನ್ನು ಶಿಫಾರಸು ಮಾಡಿದಾಗ ಐಸಿಎಐ ವಿರೋಧಿಸಿತು. ಸಣ್ಣ, ಮಧ್ಯಮ ಸಂಸ್ಥೆಗಳ ಕೆಲಸವೆಲ್ಲ ದೊಡ್ಡ ನೆಟ್‌ವರ್ಕ್ ಸಂಸ್ಥೆಗಳ ಪಾಲಾಗುತ್ತದೆ ಎಂಬುದು ಅದರ ಆತಂಕ. ಆ ಆತಂಕ ಸುಳ್ಳಲ್ಲ. ಮುಖ್ಯ ಆಡಿಟರ್ ತನಗೆ ಹೊಣೆ ಬಂದಾಗ ತನ್ನವರನ್ನೇ ಎಲ್ಲ ಕಡೆ ಕೂರಿಸಲು ನೋಡುತ್ತಾನೆ. ಆದರೂ ನನ್ನ ಅಭಿಪ್ರಾಯ ಎನ್‌ಎಫ್‌ಆರ್‌ಎ ಕಡೆಗೆ. ಹಣ ಉಪಕಂಪನಿಯಿಂದಲೇ ಸೋರುವಾಗ, ಅದನ್ನು ತೆರೆದು ನೋಡದೆ ಗುಂಪಿನ ಲೆಕ್ಕ ನ್ಯಾಯವಾಗಿದೆ ಎಂದು ಹೇಳುವುದು ಹೇಗೆ?

ನಮ್ಮ ಬದಲಾವಣೆಯ ನಿಯಮ 139ನೇ ಸೆಕ್ಷನ್‌ನಲ್ಲಿದೆ: ಒಬ್ಬ ವ್ಯಕ್ತಿಗೆ ಐದು ವರ್ಷದ ಒಂದು ಅವಧಿ, ಸಂಸ್ಥೆಗೆ ಅಂಥ ಎರಡು ಅವಧಿ, ಆಮೇಲೆ ಐದು ವರ್ಷ ದೂರ. ಬ್ಯಾಂಕುಗಳಿಗೆ ಆರ್‌ಬಿಐ ಇದಕ್ಕಿಂತ ಬಿಗಿ: 2021ರ ಏಪ್ರಿಲ್ 27ರ ಸುತ್ತೋಲೆಯಂತೆ ಮೂರೇ ವರ್ಷ, ಆಮೇಲೆ ಆರು ವರ್ಷ ದೂರ, ಆಸ್ತಿ 15,000 ಕೋಟಿ ದಾಟಿದರೆ ಕನಿಷ್ಠ ಇಬ್ಬರು ಜಂಟಿ ಆಡಿಟರ್.


ಕೆಂಪುಶಾಯಿ

ಹೊರದೇಶಗಳ ಭಾಗ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ. ದೇಶಗಳನ್ನು ಹೋಲಿಸುವಾಗ ಕಾಯ್ದೆಯ ಹೆಸರುಗಳನ್ನು ಪಟ್ಟಿ ಮಾಡಿ ಪ್ರಯೋಜನವಿಲ್ಲ. ಮೂರು ವಿಷಯ ಕೇಳಬೇಕು: ನಿಯಂತ್ರಕನಿಗೆ ಹಣ ಎಲ್ಲಿಂದ, ಮಂಡಳಿಯಲ್ಲಿ ಕೂರುವವರು ಯಾರು, ಕಡತ ತೆರೆಯಲು ಯಾರ ಅಪ್ಪಣೆ ಬೇಕು.

ಅಮೆರಿಕದಲ್ಲಿ ಎನ್ರಾನ್, ವರ್ಲ್ಡ್‌ಕಾಮ್ ಕಂಪನಿಗಳು ಲೆಕ್ಕದ ವಂಚನೆಯಲ್ಲಿ ಮುಳುಗಿದ ಮೇಲೆ 2002ರ ಜುಲೈ 30ಕ್ಕೆ ಸರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂತು, ಅದರಿಂದ ಪಿಸಿಎಒಬಿ ಹುಟ್ಟಿತು. ಅಲ್ಲಿಯವರೆಗೆ ಆಡಿಟ್ ಸಂಸ್ಥೆಗಳು ಒಂದನ್ನೊಂದು ಪರಿಶೀಲಿಸಿಕೊಳ್ಳುವ ಪದ್ಧತಿ ಇತ್ತು. ಈಗ ಐವರ ಮಂಡಳಿ, ಅದರಲ್ಲಿ ಸಿಪಿಎಗಳು (ಅಲ್ಲಿನ ಸಿಎಗಳು) ಇಬ್ಬರೇ. ಖರ್ಚು ಸರ್ಕಾರದ್ದಲ್ಲ, ಆಡಿಟ್ ಸಂಸ್ಥೆಗಳ ಚಂದಾ ಕೂಡ ಅಲ್ಲ. ಲಿಸ್ಟೆಡ್ ಕಂಪನಿಗಳ ಮೇಲೆ ಮಾರುಕಟ್ಟೆ ಮೌಲ್ಯದ ಅನುಪಾತದಲ್ಲಿ ಹಂಚಿದ ಶುಲ್ಕವೇ ಅದರ ಮುಖ್ಯ ಆದಾಯ. ವೃತ್ತಿಯವರ ಮುಂದೆ ಕೈಚಾಚುವ ಪ್ರಮೇಯವೇ ಇಲ್ಲ. ನೂರಕ್ಕಿಂತ ಹೆಚ್ಚು ಲಿಸ್ಟೆಡ್ ಕಂಪನಿಗಳನ್ನು ಆಡಿಟ್ ಮಾಡುವ ಸಂಸ್ಥೆಗೆ ಪ್ರತಿವರ್ಷ ತಪಾಸಣೆ, ಉಳಿದವರಿಗೆ ಕನಿಷ್ಠ ಮೂರು ವರ್ಷಕ್ಕೊಮ್ಮೆ. ಸಂಸ್ಥೆಯ ಗುಣಮಟ್ಟ ವ್ಯವಸ್ಥೆಯ ಟೀಕೆಗಳನ್ನು ಹನ್ನೆರಡು ತಿಂಗಳಲ್ಲಿ ಸರಿಪಡಿಸಿದರೆ ಆ ಭಾಗ ಬಹಿರಂಗವಾಗುವುದಿಲ್ಲ, ಸರಿಪಡಿಸದಿದ್ದರೆ ಪ್ರಕಟವಾಗುತ್ತದೆ. ಒಳ್ಳೆಯ ಸನ್ನೆಗೋಲು ಇದು.

ಯಾವ ಕಡತ ತೆರೆಯುತ್ತಾರೆಂದು ಮೊದಲೇ ಗೊತ್ತಾಗಬಾರದು. ಅಲ್ಲೇ ಒಮ್ಮೆ ದೊಡ್ಡ ತೂತು ಬಿತ್ತು. ಪಿಸಿಎಒಬಿಯಿಂದ ಬಂದು ಕೆಪಿಎಂಜಿ ಎಂಬ ಆಡಿಟ್ ಸಂಸ್ಥೆ ಸೇರಿದವರ ಮೂಲಕ ತಪಾಸಣೆಯ ಪಟ್ಟಿ ಸೋರಿ, ಆ ಕಡತಗಳನ್ನು ವರದಿಯ ನಂತರ ತಿದ್ದಿದ್ದರು. 2019ರ ಜೂನ್‌ನಲ್ಲಿ ಎಸ್‌ಇಸಿ 5 ಕೋಟಿ ಡಾಲರ್ ದಂಡ ಹಾಕಿತು.

ಬೆಂಗಳೂರಿನವರಿಗೆ ಇದು ದೂರದ ಮಾತಲ್ಲ. ಇನ್ಫೋಸಿಸ್, ವಿಪ್ರೋ ಎಡಿಎಸ್‌ಗಳು (ಅಮೆರಿಕದಲ್ಲಿ ಮಾರಾಟವಾಗುವ ಷೇರುಪತ್ರಗಳು) ನ್ಯೂಯಾರ್ಕ್ ಷೇರುಪೇಟೆಯಲ್ಲಿವೆ. ಹಾಗಾಗಿ ಅವುಗಳ ಆಡಿಟ್ ಸಂಸ್ಥೆಗಳು ಪಿಸಿಎಒಬಿಯಲ್ಲಿ ನೋಂದಣಿಯಾಗಿರಲೇಬೇಕು, ಅದರ ತಪಾಸಣೆಗೂ ಒಳಪಡಬೇಕು. ಸತ್ಯಂ ಪ್ರಕರಣದಲ್ಲಿ ದಂಡ ಅಮೆರಿಕದಿಂದ ಮೊದಲು ಬಂದದ್ದೂ ಈ ದಾರಿಯಲ್ಲೇ. ಚೀನಾ ಇಂಥ ತಪಾಸಣೆಗೆ ವರ್ಷಗಟ್ಟಲೆ ಒಪ್ಪಿರಲಿಲ್ಲ. ಕಡತ ತೋರಿಸದ ದೇಶದ ಕಂಪನಿಗಳನ್ನು ಷೇರುಪೇಟೆಯಿಂದ ಹೊರಹಾಕುವ ಕಾನೂನು 2020ರಲ್ಲಿ ಬಂದ ಮೇಲೆ, 2022ರ ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ಡಿಸೆಂಬರ್ ಹೊತ್ತಿಗೆ ಪೂರ್ಣ ಪ್ರವೇಶ ಸಿಕ್ಕಿತೆಂದು ಪಿಸಿಎಒಬಿ ಘೋಷಿಸಿತು.

ಜರ್ಮನಿ ಬೇರೆಯೇ ಪಾಠ. ಕಂಪನಿಗಳ ಲೆಕ್ಕ ಪರಿಶೀಲಿಸಲು ಅಲ್ಲಿ ಖಾಸಗಿ ಸ್ವರೂಪದ ಸಮಿತಿಯೊಂದಿತ್ತು. ಅದು ಕೈಚೆಲ್ಲಿದರೆ ಮಾತ್ರ ಹಣಕಾಸು ನಿಯಂತ್ರಕ ಬಾಫಿನ್ ಒಳಗೆ ಬರುವುದು. ಆಡಿಟರ್‌ಗಳ ಮೇಲ್ವಿಚಾರಣೆಗೆ 2016ರಿಂದ ಅಪಾಸ್ ಎಂಬ ಪ್ರತ್ಯೇಕ ಸಂಸ್ಥೆ. ಹೊಣೆ ಹೀಗೆ ಹಂಚಿಹೋಗಿದ್ದರಿಂದ ವೈರ್‌ಕಾರ್ಡ್ ವಿಷಯದಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಒಳಗಿಳಿಯಲಿಲ್ಲ. ಅದಕ್ಕಿಂತ ಬೇಸರದ ಸಂಗತಿ, ಅಪಾಸ್ ಮುಖ್ಯಸ್ಥರೇ 2020ರಲ್ಲಿ ವೈರ್‌ಕಾರ್ಡ್ ಷೇರು ಕೊಂಡು ಮಾರಿದ್ದು ಸಂಸದೀಯ ತನಿಖೆಯಲ್ಲಿ ಹೊರಬಂತು, ಹುದ್ದೆ ಹೋಯಿತು. 2021ರ ಜುಲೈನಿಂದ ಹೊಸ ಕಾನೂನು: ಖಾಸಗಿ ಸಮಿತಿಯ ಪಾತ್ರಕ್ಕೆ ತೆರೆ ಬಿತ್ತು, ಬಾಫಿನ್‌ಗೆ ನೇರ ಅಧಿಕಾರ ಬಂತು, ಲಿಸ್ಟೆಡ್ ಕಂಪನಿಗಳ ಆಡಿಟರ್‌ನ ಪರಿಹಾರದ ಮಿತಿ 40 ಲಕ್ಷ ಯೂರೋದಿಂದ 1.6 ಕೋಟಿಗೆ ಏರಿತು, ಘೋರ ನಿರ್ಲಕ್ಷ್ಯವಾದರೆ ಆ ಮಿತಿಯೂ ಇಲ್ಲ. 2023ರಲ್ಲಿ ಅಪಾಸ್, ವೈರ್‌ಕಾರ್ಡ್ ಆಡಿಟರ್ ಆಗಿದ್ದ ಇವೈ ಸಂಸ್ಥೆಗೆ 5 ಲಕ್ಷ ಯೂರೋ ದಂಡ ಹಾಕಿ, ಸಾರ್ವಜನಿಕ ಹಿತಾಸಕ್ತಿಯ ಕಂಪನಿಗಳ ಹೊಸ ಆಡಿಟ್ ಎರಡು ವರ್ಷ ಹಿಡಿಯದಂತೆ ಮಾಡಿತು. ಇಲ್ಲಿಯೂ ಚುಚ್ಚಿದ್ದು ನಿಷೇಧವೇ.

ಬ್ರಿಟನ್ ಬಗ್ಗೆ ಚಿಕ್ಕದಾಗಿ: ನಿಯಂತ್ರಕ ಎಫ್‌ಆರ್‌ಸಿ. 2018ರ ಜನವರಿಯಲ್ಲಿ ಕ್ಯಾರಿಲಿಯನ್ ಎಂಬ ನಿರ್ಮಾಣ ಕಂಪನಿ ಕುಸಿದ ಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಕಿಂಗ್‌ಮನ್ ವರದಿ, ಎಫ್‌ಆರ್‌ಸಿ ಬದಲಿಗೆ ಶಾಸನಬದ್ಧ ಹೊಸ ಪ್ರಾಧಿಕಾರ ಬೇಕೆಂದಿತು. ಬೇಕಾದ ಶಾಸನವೇ ಬರಲಿಲ್ಲ. ಆದರೂ ಎಫ್‌ಆರ್‌ಸಿ ಕ್ಯಾರಿಲಿಯನ್ ಆಡಿಟ್‌ಗೆ 2023ರಲ್ಲಿ ಕೆಪಿಎಂಜಿಗೆ 2.1 ಕೋಟಿ ಪೌಂಡ್ ದಂಡ ಹಾಕಿತು. ಸಹಕರಿಸಿದ್ದಕ್ಕೆ ಇಳಿಸಿದ ಮೊತ್ತ ಅದು, ಮೂಲದಲ್ಲಿ 3 ಕೋಟಿ.

ದಕ್ಷಿಣ ಕೊರಿಯಾದ್ದು ನನಗೆ ಹೆಚ್ಚು ಹಿಡಿಸುವ ಪ್ರಯೋಗ. ಲಿಸ್ಟೆಡ್ ಕಂಪನಿ ಆರು ವರ್ಷ ತನಗೆ ಬೇಕಾದ ಆಡಿಟರ್ ಇಟ್ಟುಕೊಳ್ಳಬಹುದು, ಮುಂದಿನ ಮೂರು ವರ್ಷ ನಿಯಂತ್ರಕರೇ ಸೂಚಿಸಿದ ಆಡಿಟರ್. ಯಾರ ಲೆಕ್ಕ ನೋಡಬೇಕೋ ಅವರಿಂದಲೇ ಸಂಬಳ ಪಡೆಯುವ ಮೂಲ ಸಮಸ್ಯೆಗೆ ನೇರವಾಗಿ ಕೈ ಹಾಕಿದ ನಿಯಮವಿದು. ಶುಲ್ಕ ಹೆಚ್ಚಾಯಿತೆಂದು ಕಂಪನಿಗಳು ಗೊಣಗುತ್ತವೆ, ಗೊಣಗಲಿ.

ಷರಾ ಅವರ ಉತ್ತರಕ್ಕೆ ಒಂದು ಸೇರ್ಪಡೆ. ಎನ್‌ಎಫ್‌ಆರ್‌ಎ ಅಧಿಕಾರವನ್ನು ದೆಹಲಿ ಹೈಕೋರ್ಟ್ 2025ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು, ಪ್ರಾಧಿಕಾರ ಹುಟ್ಟುವ ಮೊದಲಿನ ಆಡಿಟ್‌ಗಳನ್ನು ನೋಡುವ ಅಧಿಕಾರವನ್ನೂ ಸೇರಿಸಿ. ಆದರೆ ಆ ಪ್ರಕರಣಗಳ ಷೋಕಾಸ್ ನೋಟಿಸ್‌ಗಳನ್ನು ರದ್ದು ಮಾಡಿತು. ಕಡತ ಪರಿಶೀಲಿಸಿ ತಪ್ಪು ಎಂದು ಬರೆದವರೇ ನೋಟಿಸ್ ಕೊಡುವ ತೀರ್ಮಾನವನ್ನೂ ಮಾಡಿದರೆ ವಿಚಾರಣೆ ಮೊದಲೇ ಮುಗಿದಂತೆ ಎಂಬುದು ಕಾರಣ. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ತಪಾಸಣೆ ಮಾಡುವ ವಿಭಾಗ, ಶಿಸ್ತಿನ ವಿಭಾಗ ಬೇರೆ ಬೇರೆ ಗೋಡೆಗಳ ಹಿಂದೆ ಇರಬೇಕೆಂಬುದು ಕಾಯ್ದೆಯ ಆಶಯ; ಜನರ ಕೊರತೆಯಿಂದ ಆ ಗೋಡೆ ತೆಳುವಾದರೆ ಒಳ್ಳೆಯ ಪ್ರಕರಣವೂ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ.


ಷರಾ

ಕೆಂಪುಶಾಯಿ ಅವರ ಸೇರ್ಪಡೆ ಸರಿ, ಒಪ್ಪುತ್ತೇನೆ. ಸಹಕಾರ ಸಂಘದ ಪ್ರಶ್ನೆ ಉಳಿದಿದೆ.

ಪತ್ತಿನ ಸಹಕಾರ ಸಂಘ ಕಂಪನಿಯಲ್ಲ, ಆದ್ದರಿಂದ ಎನ್‌ಎಫ್‌ಆರ್‌ಎ ಅಲ್ಲಿಗೆ ಬರುವುದಿಲ್ಲ. ಅಲ್ಲಿ ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. 63ನೇ ಸೆಕ್ಷನ್ ಆಡಿಟ್ ಬಗ್ಗೆ. ಸಹಕಾರ ಲೆಕ್ಕ ಪರಿಶೋಧನಾ ನಿರ್ದೇಶಕರ ಅನುಮೋದಿತ ಪಟ್ಟಿಯಲ್ಲಿರುವವರಲ್ಲಿ ಒಬ್ಬರನ್ನು ಸಂಘದ ಸಾಮಾನ್ಯ ಸಭೆ ನೇಮಿಸುತ್ತದೆ. ಆಡಿಟ್ ಬಗ್ಗೆ ದೂರಿದ್ದರೆ ಆ ನಿರ್ದೇಶನಾಲಯಕ್ಕೆ, ಸಂಘದ ವ್ಯವಹಾರದ ಬಗ್ಗೆಯಾದರೆ ಸಹಕಾರ ಸಂಘಗಳ ನಿಬಂಧಕರಿಗೆ. ನಿಬಂಧಕರು 64ನೇ ಸೆಕ್ಷನ್‌ನಲ್ಲಿ ವಿಚಾರಣೆ ಮಾಡಿಸಬಹುದು. ಆಡಿಟರ್ ಸಿಎ ಆಗಿದ್ದರೆ ಐಸಿಎಐ ಶಿಸ್ತಿನ ದಾರಿ ಯಾವಾಗಲೂ ತೆರೆದೇ ಇರುತ್ತದೆ. ಪಟ್ಟಣ ಸಹಕಾರ ಬ್ಯಾಂಕಾದರೆ ಲೆಕ್ಕ ಬೇರೆ. 2020ರ ಬ್ಯಾಂಕಿಂಗ್ ನಿಯಂತ್ರಣ ತಿದ್ದುಪಡಿಯ ನಂತರ ಆಡಿಟರ್ ನೇಮಿಸುವ ಮುನ್ನ ಆರ್‌ಬಿಐ ಒಪ್ಪಿಗೆ ಬೇಕು. ಠೇವಣಿದಾರರು ಹೆಚ್ಚಾಗಿ ಪತ್ತಿನ ಸಂಘಕ್ಕೂ ಸಹಕಾರ ಬ್ಯಾಂಕಿಗೂ ವ್ಯತ್ಯಾಸ ನೋಡುವುದಿಲ್ಲ. ತರಗತಿಯಲ್ಲಿ ಇದನ್ನು ಒತ್ತಿ ಹೇಳಿ. ಆ ಹುಡುಗರ ಮನೆಗಳಲ್ಲೇ ಇಂಥ ಠೇವಣಿಗಳಿರುತ್ತವೆ.


ಜಮಾಖರ್ಚು

ಬಹಳ ಉಪಕಾರವಾಯಿತು. ಕೊನೆಯದಾಗಿ, ಒಬ್ಬ ಸಾಮಾನ್ಯ ಷೇರುದಾರ ವಾರ್ಷಿಕ ವರದಿಯಲ್ಲಿ ಯಾವ ಪುಟ ತೆರೆಯಬೇಕು, ಸಂಶಯ ಬಂದರೆ ಎಲ್ಲಿಗೆ ಬರೆಯಬೇಕು?


ತಾಳೆಪಟ್ಟಿ

ಆಡಿಟರ್ ವರದಿಯ ಅನುಬಂಧದಲ್ಲಿ ಸಿಎಆರ್‌ಒ 2020 (ಆಡಿಟರ್ ವರದಿ ಮಾಡಲೇಬೇಕಾದ ಅಂಶಗಳ ಸರ್ಕಾರಿ ಆದೇಶ) ಪ್ರಕಾರದ ಉತ್ತರಗಳು ಇರುತ್ತವೆ. ಅದರ 18ನೇ ಕಲಂ ಮೊದಲು ನೋಡಿ: ವರ್ಷದಲ್ಲಿ ಆಡಿಟರ್ ರಾಜೀನಾಮೆ ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ಅವರು ಎತ್ತಿದ ಆಕ್ಷೇಪಗಳನ್ನು ಹೊಸಬರು ಪರಿಗಣಿಸಿದರೇ. ಆಮೇಲೆ 11ನೇ ಕಲಂ: ವಂಚನೆಯ ಬಗ್ಗೆ ಎಡಿಟಿ-4 ಎಂಬ ನಮೂನೆ ಸಲ್ಲಿಕೆಯಾಗಿದೆಯೇ. 1 ಕೋಟಿ ಅಥವಾ ಹೆಚ್ಚಿನ ವಂಚನೆ ಗಮನಕ್ಕೆ ಬಂದರೆ ಆಡಿಟರ್ ಎರಡು ದಿನದಲ್ಲಿ ಮಂಡಳಿಗೆ ಅಥವಾ ಆಡಿಟ್ ಸಮಿತಿಗೆ ತಿಳಿಸಿ, 45 ದಿನದಲ್ಲಿ ಉತ್ತರ ಕೇಳಿ, ಅದಾದ 15 ದಿನದಲ್ಲಿ ಎಡಿಟಿ-4 ಮೂಲಕ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ರಾಜೀನಾಮೆ ಕೊಟ್ಟು ಹೊರಟುಬಿಟ್ಟರೆ ಈ ಹೊಣೆ ತಪ್ಪುವುದಿಲ್ಲ ಎಂದು ಎನ್‌ಎಫ್‌ಆರ್‌ಎ 2023ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿದೆ.

ಲಿಸ್ಟೆಡ್ ಕಂಪನಿಯಾದರೆ ರಾಜೀನಾಮೆಯ ದಿನಾಂಕ ಲೆಕ್ಕ ಹಾಕಿ. 2019ರ ಅಕ್ಟೋಬರ್ 18ರ ಸೆಬಿ ಸುತ್ತೋಲೆಯಂತೆ, ತ್ರೈಮಾಸಿಕ ಮುಗಿದ 45 ದಿನದೊಳಗೆ ಬಿಟ್ಟರೆ ಆ ತ್ರೈಮಾಸಿಕದ ವರದಿ ಕೊಟ್ಟೇ ಹೋಗಬೇಕು. 45 ದಿನ ದಾಟಿದ್ದರೆ ಮುಂದಿನದ್ದನ್ನೂ ಕೊಡಬೇಕು. ವರ್ಷದ ಮೊದಲ ಮೂರಕ್ಕೆ ಸಹಿ ಹಾಕಿದ್ದರೆ ನಾಲ್ಕನೆಯದನ್ನೂ ವಾರ್ಷಿಕ ಆಡಿಟ್ಟನ್ನೂ ಮುಗಿಸಿಯೇ ಹೋಗಬೇಕು. ಕಾರಣದ ಜಾಗದಲ್ಲಿ ಬೇರೆ ಕೆಲಸದ ಒತ್ತಡ ಎಂದಷ್ಟೇ ಇದ್ದರೆ ಷೇರುದಾರ ಕಂಪನಿ ಕಾರ್ಯದರ್ಶಿಗೆ ಬರೆದು ಪ್ರಶ್ನೆ ಕೇಳಲಿ.

ಸಹಿಯ ಕೆಳಗೆ ಯುಡಿಐಎನ್ (ಆ ದಾಖಲೆಗೆಂದೇ ಕೊಟ್ಟ ಗುರುತಿನ ಸಂಖ್ಯೆ) ಇರುತ್ತದೆ, 18 ಅಕ್ಷರಾಂಕ: ಮೊದಲ ಎರಡು ಇಸವಿ, ಮುಂದಿನ ಆರು ಆಡಿಟರ್‌ನ ಸದಸ್ಯತ್ವ ಸಂಖ್ಯೆ, ಉಳಿದ ಹತ್ತು ಯಂತ್ರ ಕೊಟ್ಟದ್ದು. ಐಸಿಎಐನ ಯುಡಿಐಎನ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಅಲ್ಲಿ ತೋರುವ ಅಂಕಿ ವರದಿಯಲ್ಲಿರುವುದಕ್ಕೆ ತಾಳೆಯಾಗಬೇಕು.

ದೂರು ಬರೆಯುವಾಗ ಆಡಿಟರ್ ಕಳ್ಳ ಎಂದು ಬರೆಯಬೇಡಿ. ವಾರ್ಷಿಕ ವರದಿಯ ಇಂಥ ಪುಟ, ಲೆಕ್ಕದ ಇಂಥ ಟಿಪ್ಪಣಿ, ಅಲ್ಲಿನ ಮೊತ್ತ ಇನ್ನೊಂದು ಕಡೆಯ ಮೊತ್ತಕ್ಕೆ ಹೀಗೆ ಹೊಂದುವುದಿಲ್ಲ ಎಂದು ಬರೆಯಿರಿ. ಸದಸ್ಯತ್ವ ಸಂಖ್ಯೆ, ಸಂಸ್ಥೆಯ ನೋಂದಣಿ ಸಂಖ್ಯೆ, ಯುಡಿಐಎನ್ ಸೇರಿಸಿ. ಐಸಿಎಐಗೆ ಆದರೆ ಫಾರ್ಮ್-1ರಲ್ಲಿ. ಘಟನೆ ಏಳು ವರ್ಷಕ್ಕಿಂತ ಹಳೆಯದಾದರೆ ಸಾಕ್ಷ್ಯ ಸಿಗುವುದು ಕಷ್ಟವೆಂದು ಅವರು ತಳ್ಳಿಹಾಕಬಹುದು. ಕಡತ ಉಳಿಸಬೇಕಾದ ಕನಿಷ್ಠ ಅವಧಿಯೂ ಏಳೇ ವರ್ಷ ಎಂಬುದನ್ನು ಮರೆಯಬೇಡಿ. ಹಾಗಾಗಿ ಸಂಶಯ ಬಂದ ವರ್ಷವೇ ಬರೆಯಬೇಕು.